ಗೆರೆಯ ಒಳಗೆ ನಾನು, ಗೆರೆಯ ಹೊರಗೆ ಸಾಹುಕಾರರು

ಕಳೆದ ವಾರ ಪಿಂಚಣಿಯ ವಿಚಾರವಾಗಿ ಸುರಪುರದ ಬ್ಯಾಂಕೊಂದರಲ್ಲಿ ಸಾಲಿನಲ್ಲಿ ನಿಂತಿದ್ದೆ. ಕೌಂಟರಿನ ಮುಂದೆ ನೆಲಕ್ಕೆ ಒಂದು ಹಳದಿ ಪಟ್ಟಿಯನ್ನು ಅಂಟಿಸಿದ್ದಾರೆ. ನನ್ನ ಚಪ್ಪಲಿಯ ತುದಿ ಅದನ್ನು ತುಸು ದಾಟಿತ್ತೆಂದು ಕಾಣುತ್ತದೆ. ಗಾಜಿನ ಆಚೆ ಕುಳಿತಿದ್ದ ಹುಡುಗಿ ತಲೆಯನ್ನೂ ಎತ್ತದೆ, "ಅಜ್ಜಾರ, ಗೆರಿ ಹಿಂದ ನಿಂದರ್ರಿ" ಎಂದಳು. ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ, ಒರಟುತನವೂ ಇರಲಿಲ್ಲ. ಆದರೂ ನನ್ನ ರಕ್ತ ಕುದಿಯಿತು. "ಈ ಗೆರಿ ಹಾಕಿದಾವ್ರು ಯಾರು? ಇದರಾಚಿಗೆ ಯಾರ ಅಧಿಕಾರ, ಈಚಿಗೆ ಯಾರ ಅಧಿಕಾರ?" ಎಂದು ಕೇಳಿಯೇಬಿಟ್ಟೆ. ಆ ಮಗು ಕಕ್ಕಾಬಿಕ್ಕಿಯಾಗಿ, "ಸರ, ಮ್ಯಾನೇಜರ್ನ ಕರೀಲೇನ್ರಿ?" ಎಂದಿತು. ಮ್ಯಾನೇಜರ್ ಎಂಬ ಶಬ್ದ ಕಿವಿಗೆ ಬಿದ್ದೊಡನೆ ನನ್ನ ಸಿಟ್ಟು ಇನ್ನೊಂದು ಮೆಟ್ಟಿಲು ಏರಿತು. ಕಾರಣವನ್ನು ವಿವರಿಸೋಣವೆಂದರೆ ನನ್ನ ಹಿಂದಿದ್ದ ಸಾಲು ಗೊಣಗತೊಡಗಿತ್ತು. ನಿಮ್ಮ ಹಿಂದೆ ಸಾಲಿಲ್ಲವೆಂದು ಭಾವಿಸಿ ನಿಮಗೆ ವಿವರಿಸುತ್ತೇನೆ.

ನಾನೂ ಮ್ಯಾನೇಜರನಾಗಿದ್ದವನೇ. ಬ್ಯಾಂಕಿಗಲ್ಲ, ಹಾಕಿ ತಂಡಕ್ಕೆ. ಅದೂ ಬರಿಯ ಮ್ಯಾನೇಜರನಲ್ಲ, ಜನರಲ್ ಮ್ಯಾನೇಜರ್. 'ಜನರಲ್' ಎಂಬ ಶಬ್ದವನ್ನು ಉದಾರವಾಗಿ ದಯಪಾಲಿಸಿದವರು ತಂಡದ ಅಧ್ಯಕ್ಷರಾದ ಚನ್ನಬಸಪ್ಪ ಸಾಹುಕಾರರು. ಶಹಾಪುರದಲ್ಲಿ ಅವರದು ಗೊಬ್ಬರ ಮತ್ತು ಹತ್ತಿಬೀಜದ ದೊಡ್ಡ ಅಂಗಡಿ. ಕೊಡಲು ಏನೂ ಖರ್ಚಿಲ್ಲದ ವಸ್ತುಗಳನ್ನು ಅವರು ಧಾರಾಳವಾಗಿ ಕೊಡುತ್ತಿದ್ದರೆಂಬುದು ನನಗೆ ತಡವಾಗಿ ತಿಳಿಯಿತು.

ನಾನು ನಾರಾಯಣಪುರದ ಅಣೆಕಟ್ಟಿನಲ್ಲಿ ಕಾಲುವೆಯ ಕೆಲಸ ನೋಡಿಕೊಂಡಿದ್ದ ಇಂಜಿನಿಯರ್. ಅಲ್ಲಿಯ ಕ್ವಾರ್ಟರ್ಸಿನ ಬಯಲಿನಲ್ಲಿ ಸಂಜೆಯ ಹೊತ್ತು ಹಾಕಿ ಆಡುತ್ತಿದ್ದೆವು. ನನ್ನ ಸ್ವಭಾವ ರೂಪುಗೊಂಡದ್ದು ಆ ಬಯಲಿನಲ್ಲಿ ಮತ್ತು ಆ ಅಣೆಕಟ್ಟಿನ ಮೇಲೆ. ಅಲ್ಲಿ ನೀರು ಬಿಡಿ ಎನ್ನುವವರು ಬೇರೆ, ಬಾಗಿಲು ಎತ್ತುವವರು ಬೇರೆ. ಆದರೆ ಹೇಳಿದವರು ಯಾರೆಂಬುದು ಎಂದೂ ಮರೆಯಾಗುತ್ತಿರಲಿಲ್ಲ. ಜಗತ್ತೆಲ್ಲ ಹೀಗೆಯೇ ನಡೆಯುತ್ತದೆಂದು ನಂಬಿಕೊಂಡು ನಿವೃತ್ತನಾಗಿ ಸುರಪುರಕ್ಕೆ ಬಂದು ನೆಲೆಸಿದೆ.

ಹಾಗೆ ನಂಬಬಾರದಾಗಿತ್ತು. ಅಧಿಕಾರದ ಮೊದಲ ಪಾಠ ನನಗೆ ಬಾಲ್ಯದಲ್ಲಿ, ಶಹಾಪುರದಲ್ಲೇ ಆಗಿತ್ತಲ್ಲ! ಮಲಗಿದ ಬುದ್ಧನಂತಿರುವ ಗುಡ್ಡ ಕಾಣುವ ಬಯಲಿನಲ್ಲಿ ನಾವು ಜಾಲಿಯ ಡೊಂಕು ಕೊಂಬೆಗಳನ್ನು ಕಡಿದುಕೊಂಡು ಹಾಕಿ ಆಡುತ್ತಿದ್ದೆವು. ಹಳೆಯ ಸೀರೆಯ ಚಿಂದಿಯನ್ನು ಸುತ್ತಿ ಸುತಳಿಯಿಂದ ಬಿಗಿದ ಉಂಡೆಯೇ ಚೆಂಡು. ಒಂದು ಬದಿಯ ಗೋಲಿಗೆ ಎರಡು ಕಲ್ಲು, ಇನ್ನೊಂದು ಬದಿಗೆ ಒಂದು ಜೊತೆ ಚಪ್ಪಲಿ. ನಮ್ಮಲ್ಲಿ ಚಪ್ಪಲಿ ಇದ್ದದ್ದು ಕಿರಾಣಿ ಅಂಗಡಿಯ ರಾಚಪ್ಪನಿಗೆ ಮಾತ್ರ. ಚೆಂಡು ಎದುರಿಗೆ ಬಂದರೆ ಕಣ್ಣು ಮುಚ್ಚಿಕೊಳ್ಳುವ ರಾಚಪ್ಪ ಆ ಕಾರಣದಿಂದಲೇ ನಮ್ಮೆಲ್ಲರ ನಾಯಕ. ಅವನ ತಾಯಿ ಊಟಕ್ಕೆ ಕರೆದರೆ ಆಟ ಯಾವ ಹಂತದಲ್ಲಿದ್ದರೂ ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಡುತ್ತಿದ್ದ. "ಗೋಲ್ ಉಣ್ಣಾಕ ಹೋತು" ಎಂದು ನಾವು ಮಣ್ಣಿನಲ್ಲಿ ಕುಳಿತು, ಗೋಲು ಉಂಡು ಕೈತೊಳೆದು ಬರುವ ತನಕ ಕಾಯುತ್ತಿದ್ದೆವು. ನಾನು ಒಂದು ದಿನ ಎರಡೂ ಬದಿಗೆ ಕಲ್ಲನ್ನೇ ಇಡೋಣವೆಂದೆ. ಉಳಿದವರು ನನ್ನನ್ನು ನೋಡಿದ ರೀತಿ ಇಂದಿಗೂ ನೆನಪಿದೆ. ಯಾರ ಯಾರ ಮುಖದಲ್ಲಿ ಎಷ್ಟೆಷ್ಟು ತಿರಸ್ಕಾರವಿತ್ತೆಂಬುದನ್ನು ಬೇಕಾದರೆ ಹೆಸರು ಹಿಡಿದು ಹೇಳಬಲ್ಲೆ.

ಇರಲಿ, ಸಾಹುಕಾರರ ಕಡೆಗೆ ಬರೋಣ. ಸುರಪುರದ ಹುಡುಗರ ಒಂದು ತಂಡ ಕಟ್ಟಬೇಕೆಂದು ನಿರ್ಧಾರವಾದಾಗ ಅವರು ನನ್ನನ್ನು ಶಹಾಪುರಕ್ಕೆ ಕರೆಸಿಕೊಂಡರು. ಅಂಗಡಿಯ ಹಿಂದಿನ ಕೋಣೆಯಲ್ಲಿ, ಗೊಬ್ಬರದ ಚೀಲಗಳ ಮೇಲೆ ಕೂರಿಸಿ, ಸೂಸಲಾ ಮತ್ತು ಮಿರ್ಚಿಭಜಿ ತರಿಸಿದರು.

"ನೋಡ್ರಿ ಇಂಜಿನಿಯರ್ ಸಾಹೇಬ್ರ, ನನಗ ಆಟ ತಿಳಿಯಂಗಿಲ್ಲ, ಸುಳ್ಳ್ಯಾಕ ಹೇಳ್ಲಿ? ನಿಮಗ ಮಂದಿ ಕೂಡ ಹೊಂದ್ಕೊಂಡು ಹೋಗೂದು ತಿಳಿಯಂಗಿಲ್ಲ, ಅದೂ ಖರೇನ. ಹಂಗಾಗಿ ಹಿಂಗ ಮಾಡೂಣು. ಗೆರಿ ಒಳಗ ನಿಮ್ಮ ಹುಕುಂ, ಗೆರಿ ಹೊರಗ ನನ್ನ ಹುಕುಂ. ನೀವು ಹೊರಗ ಬಾಯಿ ಹಾಕಬ್ಯಾಡ್ರಿ, ನಾ ಒಳಗ ಕಾಲು ಹಾಕಂಗಿಲ್ಲ. ಆತಿಲ್ರಿ?"

ಎರಡನೆಯ ವಾಕ್ಯದಲ್ಲಿದ್ದ ಅವಮಾನವನ್ನು ನಾನು ಆಗಲೇ ಗುರುತಿಸಿದೆ. ಆದರೆ ನಾಲ್ಕನೆಯದರ ಸೊಗಸು ನನ್ನನ್ನು ಮರುಳು ಮಾಡಿತು. ಎಷ್ಟು ಅಚ್ಚುಕಟ್ಟಾದ ವಿಭಜನೆ! "ಆತ್ರಿ" ಎಂದೆ. ಮಿರ್ಚಿಯ ಎಣ್ಣೆ ಹತ್ತಿದ ಕೈಗಳನ್ನು ಪರಸ್ಪರ ಕುಲುಕಿದೆವು.

ನನ್ನ ಎಡವಟ್ಟು ಎಲ್ಲಿ ಆಯಿತೆಂದರೆ, ನಾನು 'ಗೆರೆ' ಎಂಬುದನ್ನು ಅಲಂಕಾರವೆಂದು ತಿಳಿದೆ. ಆಟಕ್ಕೆ ಸಂಬಂಧಿಸಿದ್ದೆಲ್ಲ ನನ್ನದು, ಉಳಿದ ವ್ಯವಹಾರ ಅವರದು, ಎಂದು. ಸಾಹುಕಾರರು ಅದನ್ನು ಬಯಲಿನ ಅಂಚಿಗೆ ಎಳೆದ ಸುಣ್ಣವೆಂದೇ ತಿಳಿದರು.

ನನ್ನ ಅಜ್ಜಿ ಬದುಕಿದ್ದರೆ ಆ ದಿನವೇ ಎಚ್ಚರಿಸುತ್ತಿದ್ದಳು. ನಮ್ಮ ಮನೆಯಲ್ಲಿ ಕಾಳುಕಡಿಯ ಕೋಣೆಯ ಕೀಲಿ ಅಜ್ಜಿಯ ಸೊಂಟದಲ್ಲಿರುತ್ತಿತ್ತು, ಒಲೆ ಅವ್ವನ ವಶದಲ್ಲಿ. "ಹಿಟ್ಟು ಡಬ್ಬ್ಯಾಗ ಇರೂತನ ನಂದು, ಪರಾತದಾಗ ಬಿದ್ದ ಮ್ಯಾಲ ನಿಂದು" ಎಂಬುದು ಅಜ್ಜಿಯ ಕಾನೂನು. ಹಳೆಯ ಜೋಳದ ಹಿಟ್ಟನ್ನೇ ಅವಳು ಅಳೆದು ಕೊಡುವಳು. ಅದು ಜಿಗಿಯಿಲ್ಲದೆ ರೊಟ್ಟಿ ಹರಿದರೆ, ಊಟಕ್ಕೆ ಕುಳಿತ ಅಪ್ಪ ಗದರುತ್ತಿದ್ದುದು ಅವ್ವನನ್ನು. ಅಜ್ಜಿ ಕೀಲಿಯನ್ನು ಸದ್ದಾಗದಂತೆ ಸೆರಗಿನಲ್ಲಿ ಸುತ್ತಿಕೊಂಡು, "ಬಡಿಯಾಕ ಬರಂಗಿಲ್ಲ ಇಕಿಗೆ" ಎನ್ನುತ್ತಿದ್ದಳು. ಆ ಹರಿದ ರೊಟ್ಟಿಗಳನ್ನು ತಿಂದು ಬೆಳೆದ ನಾನು ಕೊಡುವವರ ಕಾನೂನನ್ನು ಅರ್ಥಮಾಡಿಕೊಳ್ಳದೆ ಹೋದದ್ದು ನನಗೇ ಸೋಜಿಗ.

ಮೊದಲ ಘರ್ಷಣೆ ಅಂಗಿಯ ಬಣ್ಣಕ್ಕಾಗಿ. ನಾನು ನೀಲಿ ಎಂದೆ. ಸಾಹುಕಾರರು ತಮ್ಮ ಗೊಬ್ಬರದ ಚೀಲದ ಹಸಿರನ್ನೇ ಹೊಲಿಸಿ ತಂದರು. "ಹುಲ್ಲಿನ ಬಣ್ಣದ ಅಂಗಿ ತೊಟ್ಟರ ನಮ್ಮಾಂವ ಎಲ್ಲಿದ್ದಾನಂತ ನಮಗ ಕಾಣಂಗಿಲ್ರಿ" ಎಂದೆ. "ನಮ್ಮ ಬಯಲಿನ್ಯಾಗ ಹುಲ್ಲೆಲ್ಲೈತ್ರಿ?" ಎಂದರು, ಅದು ನಿಜ. ಆಮೇಲೆ, "ಅಂಗಿ ಹೊಲದಿದ್ದು ಗೆರಿ ಹೊರಗ, ತೊಟ್ಟಿದ್ದು ಗೆರಿ ಹೊರಗ. ಅದರಾಗ ನಿಮ್ಮ ಮಾತ್ಯಾಕ?" ಎಂದರು. ನಾನು ವಿನೋದವೆಂದುಕೊಂಡು ನಕ್ಕೆ. ಅವರು ನಗಲಿಲ್ಲ.

ಬಳಿಕ ಅಭ್ಯಾಸದ ಹೊತ್ತಿಗೆ ಜೀಪಿನಲ್ಲಿ ಬಂದು ಗೆರೆಯ ಅಂಚಿಗೆ ನಿಲ್ಲುವುದು, ಆಡುತ್ತಿದ್ದವರನ್ನು "ಬಾರೋ ಇಲ್ಲಿ" ಎಂದು ಕರೆಯುವುದು ಶುರುವಾಯಿತು. ಕರೆದವನು ಗೆರೆ ದಾಟಿ ಬಂದನೆಂದರೆ ಅವರ ಆಳು. ಜೀಪಿನಿಂದ ಚೀಲ ಇಳಿಸುವುದಕ್ಕೂ ಅವನನ್ನು ಹಚ್ಚುತ್ತಿದ್ದರು. ಆದರೆ ಮಾತಿಗೆ ನಿಷ್ಠರು: ಒಮ್ಮೆಯಾದರೂ ಸ್ವತಃ ಒಳಗೆ ಕಾಲಿಡಲಿಲ್ಲ.

ತಂಡದ ಉದ್ಘಾಟನೆಯ ದಿನ ವೇದಿಕೆ ಗೆರೆಯ ಹೊರಗಿತ್ತಾದ್ದರಿಂದ ಅಲ್ಲಿ ನನಗೆ ಕುರ್ಚಿ ಇರಲಿಲ್ಲ. ಸಾಹುಕಾರರು ತಮ್ಮ ಕೊರಳ ಮಾಲೆಯನ್ನೇ ತೆಗೆದು, "ನಮ್ಮ ಮಾಸ್ತರ್ರಿಗೂ ಒಂದು ಹಾಕ್ರಿ" ಎಂದು ಕೆಳಗೆ ಕಳುಹಿಸಿದರು. ನಾನು ಜೀವನದಲ್ಲಿ ಯಾರಿಗೂ ಪಾಠ ಹೇಳಿದವನಲ್ಲ. ಇನ್ನು ಫೋಟೋ. ಅದರಲ್ಲಿ ನನ್ನ ಎಡಭುಜ ಮಾತ್ರ ಬಂದಿದೆ. ಭುಜ ನನ್ನದೇ ಎಂದು ನನ್ನ ಹೆಂಡತಿ ಶಾಂತಾ ಅಂಗಿಯ ಹೊಲಿಗೆಯಿಂದ ಗುರುತಿಸಿದಳು. "ಇರ್ಲಿ ಬಿಡ್ರಿ, ಭುಜ ಚೊಲೊ ಬಂದೈತಿ" ಎಂದಳು.

ಇಷ್ಟನ್ನೂ ನುಂಗಿಕೊಂಡೆ, ನುಂಗಿದ್ದನ್ನು ಜೀರ್ಣಿಸಿಕೊಂಡೆನೆಂದು ಹೇಳುತ್ತಿಲ್ಲ. ಒಂದೇ ಒಂದನ್ನು ನಾನು ನನ್ನದೆಂದು ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಯಾರು ಆಡಬೇಕೆಂಬುದು ನನ್ನ ಮಾತು.

ನಮ್ಮ ಗೋಲು ಕಾಯುವ ತಿಮ್ಮಣ್ಣ ದೇವಾಪುರದವನು. ಹೊಳೆಗೆ ಹೋಗಿ ಬಲೆ ಬೀಸುವ ಮನೆತನ. ಇವನು ಮಾತ್ರ ಸುರಪುರಕ್ಕೆ ಬಂದು ವೆಲ್ಡಿಂಗ್ ಅಂಗಡಿ ಇಟ್ಟುಕೊಂಡಿದ್ದಾನೆ. ಹೆಂಡತಿ ಮಕ್ಕಳಿರುವ ಆಳು, ಮಾತು ಕಡಿಮೆ. ಯಾದಗಿರಿಯಲ್ಲಿ ನಡೆದ ಪಂದ್ಯಾವಳಿಯ ಸೆಮಿಫೈನಲಿನಲ್ಲಿ ನಾವು ಗೆದ್ದದ್ದು ಅವನಿಂದಲೇ. ಕೊನೆಯ ಹೊಡೆತವನ್ನು ಪ್ಯಾಡಿಲ್ಲದ ಭುಜದಿಂದ ತಡೆದು, ಭುಜ ಬದನೆಕಾಯಿಯಂತೆ ಬಾತುಕೊಂಡಿದ್ದರೂ ತುಟಿ ಬಿಚ್ಚಲಿಲ್ಲ. ಐಸ್ ಇಡುತ್ತ ನಾನು ಹೇಳಿದೆ: "ತಿಮ್ಮಣ್ಣ, ಫೈನಲ್ ದಿನ ಗೋಲಿನ್ಯಾಗ ನೀನ ನಿಂದರ್ತಿ. ಇದು ನನ್ನ ಮಾತು."

"ಖರೇನ್ರಿ ಸರ? ಹಂಗಾದ್ರ ಅವ್ವನ್ನ ಕರಕೊಂಡು ಬರ್ತೀನ್ರಿ. ಆಕಿ ನನ್ನ ಆಟ ಒಮ್ಮಿನೂ ನೋಡಿಲ್ಲ."

"ಕರಕೊಂಡು ಬಾ."

ಫೈನಲ್ ಯಾದಗಿರಿಯವರೊಂದಿಗೇ. ಆ ದಿನ ತಿಮ್ಮಣ್ಣನ ತಾಯಿ ರೊಟ್ಟಿಯ ಗಂಟಿನೊಂದಿಗೆ ಬಂದು ಬೇವಿನ ಮರದ ಕೆಳಗೆ ಕುಳಿತಿದ್ದರು. "ನನ್ನ ಮಗ ಎಲ್ಲಿ ನಿಂದರ್ತಾನ್ರಿ ಯಪ್ಪಾ?" ಎಂದು ಕೇಳಿದರು. ನಾನು ಗೋಲಿನ ಕಡೆಗೆ ಬೆರಳು ತೋರಿಸಿ, "ಅಲ್ಲಿ, ಆ ಬಲಿ ಮುಂದ" ಎಂದೆ. ಮುದುಕಿ ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದರು. "ಏನ್ ಆಟನ ಏನೊ ಯಪ್ಪಾ! ಬಲಿಯಾಗ ಬೀಳ್ಲಿ ಅಂತ ಅವರಪ್ಪ ಹೊಳಿಗೆ ಕೈ ಮುಗೀತಾನ, ಬೀಳಬಾರ್ದು ಅಂತ ಇಂವ ಅಡ್ಡ ನಿಂದರ್ತಾನ" ಎಂದು ನಕ್ಕರು. ನಾನೂ ನಕ್ಕೆ. ಆ ದಿನ ನಾನು ನಕ್ಕದ್ದು ಅದೇ ಕಡೆಯದು.

ತಿರುಗಿ ನೋಡುವಷ್ಟರಲ್ಲಿ ಸಾಹುಕಾರರ ಜೀಪು ಬಂದು ನಿಂತಿತು. ಒಳಗಿನಿಂದ ಇಳಿದವನು ಅವರ ತಂಗಿಯ ಮಗ ವೀರೇಶ. ಹೊಸ ಪ್ಯಾಡು, ಹೊಸ ಹೆಲ್ಮೆಟ್ಟು, ಹೊಸ ಕೈಗವಸು. ನಡೆಯಲು ಬಾರದೆ ಬಾತುಕೋಳಿಯಂತೆ ಬಂದ. ಪಾಪ, ಅವನ ಮುಖದಲ್ಲಿ ಸಂತೋಷವೇನೂ ಇರಲಿಲ್ಲ.

"ಇವತ್ತ ನಮ್ಮ ಅಳಿಯ ಗೋಲ್ ಕಾಯ್ತಾನ್ರಿ" ಎಂದರು ಸಾಹುಕಾರರು.

"ಆಡಾವ್ರು ಯಾರನ್ನೂದು ನನ್ನ ಮಾತಲ್ರಿ? ಗೆರಿ ಒಳಗ ನನ್ನ ಹುಕುಂ ಅಂದಾವ್ರು ನೀವ."

"ಅಂದೀನಿ, ಈಗೂ ಅಂತೀನಿ. ಒಳಗ ನಿಮ್ಮದ. ಖರೆ, ಈಗ ಒಳಗ ಯಾರದಾರ? ತೋರಸ್ರಿ ನೋಡೂಣು."

ನೋಡಿದೆ. ಆಟ ಇನ್ನೂ ಪ್ರಾರಂಭವಾಗಿರಲಿಲ್ಲ. ಅಂಗಳ ಖಾಲಿ. ನಮ್ಮ ಆಟಗಾರರೆಲ್ಲರೂ ಗೆರೆಯ ಹೊರಗೆ ಬೂಟಿನ ದಾರ ಕಟ್ಟಿಕೊಳ್ಳುತ್ತ ಕುಳಿತಿದ್ದರು.

"ಆಟ ಸುರು ಆಗೂತನ ಎಲ್ಲಾರೂ ಗೆರಿ ಹೊರಗ ಇರ್ತಾರ್ರಿ ಸಾಹೇಬ್ರ. ಹೊರಗಿದ್ದಾವ್ರು ನನ್ನವ್ರು. ಯಾರು ಒಳಗ ಹೋಗ್ಬೇಕು ಅಂತ ನಾ ಹೇಳ್ತೀನಿ. ಹೋದ ಮ್ಯಾಲ ಏನ್ ಮಾಡಸ್ತೀರಿ, ಮಾಡಸ್ಕೋರಿ. ನಾ ಏನರ ಕಾಲು ಹಾಕೀನೇನು?"

ಓದುಗರೇ, ಈ ತರ್ಕದಲ್ಲಿ ಬಿರುಕೆಲ್ಲಿದೆಯೆಂದು ನಾನು ಇಂದಿಗೂ ಹುಡುಕುತ್ತಿದ್ದೇನೆ. ಸಿಕ್ಕಿಲ್ಲ. ಸಿಗದಿರುವುದೇ ನನ್ನ ಸಿಟ್ಟಿನ ಮುಕ್ಕಾಲು ಭಾಗ.

ಹೆಸರು ಕೊಡುವ ಮೇಜೂ ಗೆರೆಯ ಹೊರಗೇ ಇತ್ತು. ಸಾಹುಕಾರರು ಹೋಗಿ ಕೊಟ್ಟುಬಂದರು. ವೀರೇಶ ಗೋಲಿನಲ್ಲಿ ನಿಂತ. ತಿಮ್ಮಣ್ಣ ಪ್ಯಾಡು ಬಿಚ್ಚದೆ ಬೆಂಚಿನ ತುದಿಯಲ್ಲಿ ಕುಳಿತ. ಬೇವಿನ ಮರದ ಕೆಳಗಿನಿಂದ ಮುದುಕಿ ಹೆಲ್ಮೆಟ್ಟಿನೊಳಗಿದ್ದ ವೀರೇಶನನ್ನೇ ಮಗನೆಂದು ತಿಳಿದು ಕೈ ಬೀಸುತ್ತಿದ್ದರು. ಅದನ್ನು ಅವನೂ ಕಂಡ, ನಾನೂ ಕಂಡೆ.

ಮೊದಲ ಚೆಂಡು ವೀರೇಶನ ಎರಡೂ ಕಾಲುಗಳ ನಡುವೆ ದಾಟಿ ಗೋಲು ಸೇರಿತು. ಅವನು ಅದನ್ನು ಹಿಂದೆ ತಿರುಗಿ ನೋಡಿದ್ದೇ ಜನ ಕೂಗಿದ ಮೇಲೆ. ಆಗ ನನಗೂ ಬುದ್ಧಿ ಹೊಳೆಯಿತು. ಒಳಗಿದ್ದವನು ನನ್ನವನಷ್ಟೆ? ಬದಲಿ ಆಟಗಾರನಿದ್ದಾನೆಂದು ಅಂಪೈರಿಗೆ ಕೈಸನ್ನೆ ಮಾಡಿ, "ವೀರೇಶ, ಹೊರಗ ಬಾ!" ಎಂದು ಗರ್ಜಿಸಿದೆ. ಆ ಮಗು ಜೀವ ಬಂದವನಂತೆ ಓಡಿ ಬಂದು ಗೆರೆ ದಾಟಿ ನಿರಾಳವಾಗಿ ಉಸಿರು ಬಿಟ್ಟಿತು. "ತಿಮ್ಮಣ್ಣ, ಒಳಗ ನಡಿ!" ಎಂದೆ. ತಿಮ್ಮಣ್ಣ ಎದ್ದು ಗೆರೆಯ ಬಳಿಗೆ ಬಂದ. ಸಾಹುಕಾರರು ಎದ್ದು ತೋಳನ್ನು ಅಡ್ಡ ಚಾಚಿದರು.

"ತಡಿಯೋ. ಗೆರಿ ಹೊರಗದಿ. ಇನ್ನೂ ನನ್ನಾಂವ."

"ಬಿಡ್ರಿ ಅವನ್ನ."

"ಮೊದಲ ನನ್ನ ಅಳಿಯನ್ನ ತಿರುಗಿ ಒಳಗ ಕರಕೋರಿ."

"ಕರಕೊಳ್ಳಂಗಿಲ್ಲ."

"ಇವನ್ನ ಬಿಡಂಗಿಲ್ಲ."

ಹೀಗೆ ನಾವಿಬ್ಬರೂ ಗೆರೆಯ ಆಚೀಚೆ ನಿಂತು ವಾದಿಸುತ್ತಿರುವಾಗ ಅಂಪೈರ್ ಒಮ್ಮೆ ನಮ್ಮನ್ನು, ಒಮ್ಮೆ ಗಡಿಯಾರವನ್ನು ನೋಡಿ ಸೀಟಿ ಊದಿ ಆಟ ಮುಂದುವರಿಸಿಬಿಟ್ಟ. ನಮ್ಮ ಗೋಲು ಖಾಲಿ. ನಮ್ಮ ಕ್ಯಾಪ್ಟನ್ ಖಾಜಾ, ಟೈರ್ ಪಂಕ್ಚರ್ ತೆಗೆಯುವ ಹುಡುಗ, ಅಂಗಳದ ನಡುವಿನಿಂದ ಕೂಗಿದ: "ಸರ, ಗೋಲ್ನ್ಯಾಗ ಯಾರೂ ಇಲ್ರಿ! ಯಾರನ್ನರ ಕಳಸ್ರಿ! ಬೇಕಾರ ಸಾಹುಕಾರ್ನ ಕಳಸ್ರಿ, ಅಡ್ಡ ಅರ ಆಗ್ತಾರ!" ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಯಾದಗಿರಿಯ ಆಟಗಾರನೊಬ್ಬ ಚೆಂಡನ್ನು ತಳ್ಳಿಕೊಂಡು ಬಂದು, ಖಾಲಿ ಗೋಲಿನ ಮುಂದೆ ಒಂದು ಕ್ಷಣ ನಿಂತು, ಹೊಡೆಯಲೋ ಬೇಡವೋ ಎಂಬಂತೆ ನಮ್ಮ ಕಡೆ ನೋಡಿ, ಸೌಜನ್ಯದಿಂದ ಒಳಗೆ ತಳ್ಳಿದ.

ಆಗ ತಿಮ್ಮಣ್ಣ ಹೆಲ್ಮೆಟ್ಟು ತೆಗೆದ. ಕೈಗವಸು ತೆಗೆದ. ಕುಳಿತುಕೊಂಡು ಒಂದೊಂದೇ ಪಟ್ಟಿ ಬಿಚ್ಚಿ ಪ್ಯಾಡುಗಳನ್ನು ಕಳಚಿದ. ಎಲ್ಲವನ್ನೂ ಆ ಸುಣ್ಣದ ಗೆರೆಯ ಮೇಲೆಯೇ ಸಾಲಾಗಿ ಇಟ್ಟು, ಗೆರೆಯನ್ನು ನೋಡುತ್ತ, ಮೆಲುದನಿಯಲ್ಲಿ ಹೇಳಿದ: "ನಿಮ್ಮ ಗೆರಿ ನೀವ ಕಾಯ್ರಿ."

ಬೇವಿನ ಮರದ ಕಡೆಗೆ ನಡೆದ. ಮುದುಕಿ ಗೋಲನ್ನು ನೋಡಿ, ಎದುರಿಗೆ ನಿಂತ ಮಗನನ್ನು ನೋಡಿ, ಏನೋ ಕೇಳಿದರು. ತಿಮ್ಮಣ್ಣ ರೊಟ್ಟಿಯ ಗಂಟನ್ನು ತಾನು ಎತ್ತಿಕೊಂಡು ತಾಯಿಯನ್ನು ಬಸ್ಸಿಗೆ ಕರೆದುಕೊಂಡು ಹೋದ.

ಸೋತೆವೆಂದು ಬೇರೆ ಹೇಳಬೇಕಾಗಿಲ್ಲ. ಹೇಳಬೇಕಾದದ್ದು ಸಾಹುಕಾರರು ವೇದಿಕೆಯಿಂದ ಆಡಿದ ಮಾತು. "ನಾ ಆಟದಾಗ ಕಾಲು ಹಾಕಾಂವಲ್ರಿ. ಸೋಲು ಗೆರಿ ಒಳಗಾಗೈತಿ, ಅದರ ಜಿಮ್ಮೇದಾರಿ ನಮ್ಮ ಮಾಸ್ತರ್ರದು" ಎಂದರು. ಎರಡನೆಯ ಸ್ಥಾನದ ಕಪ್ಪನ್ನು ಮಾತ್ರ ಅವರೇ ಎರಡೂ ಕೈಗಳಿಂದ ಸ್ವೀಕರಿಸಿದರು. ಅದನ್ನು ಕೊಟ್ಟದ್ದು ಗೆರೆಯ ಹೊರಗೆ. ಆ ಕಪ್ಪು ಇಂದಿಗೂ ಅವರ ಅಂಗಡಿಯಲ್ಲಿದೆ. ಅದರೊಳಗೆ ಊದಿನಕಡ್ಡಿ ಚುಚ್ಚಿದ್ದಾರೆ.

ಆ ಸಂಜೆಯೇ ನಾನು ಜನರಲ್ಲನ್ನೂ ಮ್ಯಾನೇಜರನ್ನೂ ಬಿಟ್ಟೆ. ಇದು ನಡೆದು ಹೋದದ್ದು. ನನ್ನನ್ನು ಇಷ್ಟು ದಿನ ಕಾಡಿದ್ದು ಸೋಲಲ್ಲ, ಕಪ್ಪೂ ಅಲ್ಲ. ತಿಮ್ಮಣ್ಣನ ಬಾಯಿಂದ ಬಂದ ಆ ಒಂದು 'ನೀವು'. ನಮ್ಮ ಭಾಷೆಯ ತೊಡಕನ್ನು ಗಮನಿಸಿ. ಒಬ್ಬರಿಗೆ ಮರ್ಯಾದೆ ಕೊಟ್ಟರೂ 'ನೀವು', ಇಬ್ಬರನ್ನು ಸೇರಿಸಿ ಅಂದರೂ 'ನೀವು'. ಅವನು ಅಂದದ್ದು ಸಾಹುಕಾರರೊಬ್ಬರಿಗೋ, ಅಥವಾ ಅವರ ಸಾಲಿನಲ್ಲಿ ನನ್ನನ್ನೂ ನಿಲ್ಲಿಸಿಯೋ? ಮಾತು ಕೊಟ್ಟವನೂ ನಾನು, ಅವನಿಗಾಗಿ ಹೋರಾಡಿದವನೂ ನಾನು. ಆ ಮನುಷ್ಯನೊಂದಿಗೆ ನನ್ನನ್ನು ಒಂದೇ ಸರ್ವನಾಮದಲ್ಲಿ ಕಟ್ಟುವುದೆಂದರೇನು?

ಶಾಂತಾಳನ್ನು ಕೇಳಿದೆ. ಒಗ್ಗರಣೆ ಹಾಕುತ್ತಿದ್ದವಳು, "ಯಾರ ಮಾರಿ ನೋಡಿ ಅಂದ?" ಎಂದಳು.

"ಯಾರ ಮಾರೀನೂ ನೋಡಲಿಲ್ಲ. ಗೆರಿ ನೋಡಿ ಅಂದ."

"ಮತ್ತ ಅಷ್ಟು ತಿಳಿಯಂಗಿಲ್ಲೇನ್ರಿ? ಗೆರಿ ಒಬ್ಬರದ ಇರ್ತೈತೇನು?"

ಹೆಂಗಸರಿಗೆ ಕ್ರೀಡೆಯ ಸೂಕ್ಷ್ಮಗಳು ತಿಳಿಯುವುದಿಲ್ಲವೆಂದು ಸುಮ್ಮನಾದೆ. ಸಾರು ಆ ದಿನ ಎಂದಿಗಿಂತ ಖಾರವಾಗಿತ್ತು.

ಕಳೆದ ವಾರ ಬ್ಯಾಂಕಿನಿಂದ ಹೊರಬಿದ್ದವನು ಮನೆಗೆ ಹೋಗಲಿಲ್ಲ. ಖಾಜಾ ಮತ್ತು ಉಳಿದ ಹುಡುಗರು ಸಾಹುಕಾರರನ್ನು ಬಿಟ್ಟು ತಾವೇ ತಂಡ ಕಟ್ಟಿಕೊಂಡಿದ್ದಾರೆ, ನನ್ನನ್ನೂ ಕರೆದಿದ್ದಾರೆ. ತಿಮ್ಮಣ್ಣ ಬಂದರೆ ನಾನೂ ಬರುತ್ತೇನೆಂದಿದ್ದೆ. ನೇರವಾಗಿ ಅವನ ವೆಲ್ಡಿಂಗ್ ಅಂಗಡಿಗೆ ಹೋದೆ. ಕಿಟಕಿಯ ಸರಳು ಕೂಡಿಸುತ್ತಿದ್ದವನು ನನ್ನನ್ನು ಕಂಡು ಎದ್ದು, ತೋಳಿನಿಂದ ಕುರ್ಚಿಯನ್ನು ಒರೆಸಿ ಮುಂದಿಟ್ಟ. ಎದುರಿನ ಹೋಟೆಲಿಗೆ ಏನೋ ಕೂಗಿ ಹೇಳಿದ.

"ಮತ್ತ ಬರ್ತಿಯೇನು ತಿಮ್ಮಣ್ಣ? ಈಗ ಸಾಹುಕಾರ್ರಿಲ್ಲ. ಈ ಸಲ ನನ್ನ ಮಾತು ಮಾತ."

"ಇಲ್ರಿ ಸರ. ಸಾಕಾತು."

ಕೇಳಿಯೇಬಿಟ್ಟೆ. "ಅವತ್ತ 'ನೀವ ಕಾಯ್ರಿ' ಅಂದ್ಯಲ್ಲ. ಯಾರಿಗಂದಿ? ಅವ್ರಿಗೊಬ್ಬರಿಗೇನೋ, ಇಬ್ಬರಿಗೂನೋ?"

ಅವನು ಕೈಯಲ್ಲಿದ್ದ ಮುಖವಾಡವನ್ನು ಒಮ್ಮೆ ತಿರುಗಿಸಿ ನೋಡಿದ. "ಸರ, ದೊಡ್ಡಾವ್ರು ನೀವು. ನಿಮಗ ನಾ ಯಾವತ್ತರ 'ನೀನು' ಅಂದೀನೇನ್ರಿ?"

"ಇಲ್ಲ."

"ಮತ್ತ ಬಿಡ್ರಿ. ಮಾರಿ ಆ ಕಡಿ ಮಾಡ್ರಿ ಸರ, ಕಣ್ಣಿಗೆ ಹೊಡೀತೈತಿ."

ಮುಖವಾಡ ಇಳಿಸಿ ಕೆಲಸಕ್ಕೆ ಬಗ್ಗಿದ. ನಾನು ಗೋಡೆಯ ಕಡೆ ತಿರುಗಿ ಕುಳಿತೆ. ಅಷ್ಟರಲ್ಲಿ ಚಹಾ ಬಂತು. ಒಂದು ಗುಟುಕು ಕುಡಿದು ನೋಡಿದೆ: ಸಕ್ಕರೆ ಹಾಕಿರಲಿಲ್ಲ. ನನಗೆ ಸಕ್ಕರೆ ನಿಷಿದ್ಧವೆಂಬುದನ್ನು ಅವನು ಇಷ್ಟು ದಿನವೂ ನೆನಪಿಟ್ಟುಕೊಂಡಿದ್ದ. ಜನ ನನಗೆ ಮಾಡಿದ ಅವಮಾನಗಳಲ್ಲಿ ಒಂದನ್ನೂ ನಾನು ಮರೆತವನಲ್ಲ, ಪ್ರತಿಯೊಂದಕ್ಕೂ ಉತ್ತರ ಸಿದ್ಧವಿದೆ. ಈ ಚಹಾಕ್ಕೆ ಮಾತ್ರ ಏನು ಉತ್ತರ ಕೊಡಬೇಕೆಂದು ತಿಳಿಯದೆ, ಗೋಡೆ ನೋಡುತ್ತ ಪೂರ್ತಿ ಕುಡಿದು ಎದ್ದುಬಂದೆ.